ಹಳೆಯ ಪ್ರಸಂಗ, ಹೊಸ ಮೇಳ: ‘ಸ್ಟಾರ್ ಟ್ರೆಕ್’ ಮೂರು ಚಿತ್ರಗಳ ಬ್ಲೂ-ರೇ ಸೆಟ್

ನೀರ್ಚಾಲಿನ ನಮ್ಮ ಮನೆಯ ಚಾವಡಿಯಲ್ಲಿ ಕಳೆದ ಮಳೆಗಾಲದ ಮೂರು ಶನಿವಾರ ರಾತ್ರಿಗಳನ್ನು ನಾವು ಆರು ಮಂದಿ ‘ಸ್ಟಾರ್ ಟ್ರೆಕ್’ ಎಂಬ ಅಮೆರಿಕದ ಬಾಹ್ಯಾಕಾಶ ಯಾನದ ಚಿತ್ರಗಳಿಗಾಗಿ ಮೀಸಲಿಟ್ಟಿದ್ದೆವು. ಹಳೆಯ ಟಿ.ವಿ. ಧಾರಾವಾಹಿಯ ಕಥೆಯನ್ನು ಹೊಸ ನಟರೊಂದಿಗೆ ಬುಡದಿಂದ ಆರಂಭಿಸಿದ, 2009, 2013 ಮತ್ತು 2016ರಲ್ಲಿ ತೆರೆಕಂಡ ಮೂರು ಚಿತ್ರಗಳು ಒಂದೇ ಪೆಟ್ಟಿಗೆಯಲ್ಲಿ ಬರುವ ಬ್ಲೂ-ರೇ ಸೆಟ್ಟನ್ನು ನಾನು ಆನ್‌ಲೈನಿನಲ್ಲಿ ತರಿಸಿಕೊಂಡಿದ್ದೆ. ಚಿತ್ರಗಳನ್ನು ಮೊದಲ ಬಾರಿಗೆ ಮಂಗಳೂರಿನ ಥಿಯೇಟರುಗಳಲ್ಲಿ ನೋಡಿದವನಾದರೂ, ಮೂರನ್ನೂ ಒಂದರ ಹಿಂದೆ ಒಂದಾಗಿ, ಹಳೆಯದನ್ನು ಬಲ್ಲವರೊಂದಿಗೂ ಏನನ್ನೂ ಅರಿಯದವರೊಂದಿಗೂ ಕುಳಿತು ನೋಡಬೇಕೆಂಬುದು ನನ್ನ ಬಹುದಿನಗಳ ಆಸೆಯಾಗಿತ್ತು. ಈ ಚಿತ್ರಗಳ ಬಗ್ಗೆ ಅಭಿಮಾನಿಗಳು ಅಷ್ಟೊಂದು ಸಂತೋಷವನ್ನೂ ಅಷ್ಟೊಂದು ಸಿಟ್ಟನ್ನೂ ಏಕೆ ತೋರಿದರು ಎಂಬುದು ಮೂರನ್ನು ಜೊತೆಯಾಗಿ ನೋಡಿದಾಗ ಮಾತ್ರ ಅರ್ಥವಾಗುತ್ತದೆ ಎಂದು ನನಗೆ ಅನಿಸಿತ್ತು. ನೋಡಿದ ಮೇಲೆ ಆ ಅನಿಸಿಕೆ ಗಟ್ಟಿಯಾಗಿದೆ.

ನಮ್ಮ ಕೂಟದಲ್ಲಿ ಹಿರಿಯರೆಂದರೆ ನನ್ನ ಭಾವ. ಎಂಬತ್ತರ ದಶಕದಲ್ಲಿ ಮಂಗಳೂರಿನ ಬಂಧುಗಳ ಮನೆಯಲ್ಲಿದ್ದು ಓದುತ್ತಿದ್ದಾಗ ಅವರು ಮೂಲ ಧಾರಾವಾಹಿಯನ್ನು ದೂರದರ್ಶನದಲ್ಲಿ ನೋಡಿದವರು. ನೌಕೆಯ ಕ್ಯಾಪ್ಟನ್ ಕರ್ಕ್, ವಲ್ಕನ್ ಗ್ರಹದ ಸ್ಪಾಕ್, ವೈದ್ಯ ಮೆಕಾಯ್ ಎಂಬ ಹೆಸರುಗಳು ಅವರ ಬಾಯಲ್ಲಿ ಮನೆಯವರ ಹೆಸರುಗಳಂತೆ ಬರುತ್ತವೆ. ಬದಿಯಡ್ಕದಿಂದ ಬಂದ ನೆರೆಯ ಗೆಳೆಯರೊಬ್ಬರು ತಾಳಮದ್ದಳೆಯ ಅರ್ಥಧಾರಿಗಳು, ಇಂಗ್ಲಿಷ್ ಚಿತ್ರಗಳನ್ನು ಹೆಚ್ಚು ನೋಡದವರು. ಕಾಸರಗೋಡಿನಲ್ಲಿ ಪದವಿ ಓದುತ್ತಿರುವ ನನ್ನ ಸೋದರಳಿಯ ಮತ್ತು ಅವನ ಸಹಪಾಠಿಗೆ ಹೊಸ ಚಿತ್ರಗಳಷ್ಟೇ ಗೊತ್ತು. ನನ್ನ ಹೆಂಡತಿಗೆ ಎರಡೂ ಹೊಸತು. ಗೋಡೆಗೆ ಬಿಳಿಯ ಪಂಚೆಯೊಂದನ್ನು ಎಳೆದು ಕಟ್ಟಿ, ಪ್ರೊಜೆಕ್ಟರನ್ನು ಅಡಿಕೆ ತುಂಬುವ ಮರದ ಪೆಟ್ಟಿಗೆಯ ಮೇಲೆ ಇರಿಸಿ, ಕರೆಂಟು ಹೋದರೆ ಇರಲೆಂದು ಇನ್ವರ್ಟರಿಗೆ ಜೋಡಿಸಿದ್ದೆವು.

ವಿಮರ್ಶೆಗೆ ಮೊದಲು ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಜೀನ್ ರಾಡೆನ್‌ಬೆರಿ ರೂಪಿಸಿದ ಮೂಲ ಧಾರಾವಾಹಿ 1966ರ ಸೆಪ್ಟೆಂಬರ್ 8ರಂದು ಅಮೆರಿಕದಲ್ಲಿ ಆರಂಭವಾಗಿ, 79 ಕಂತುಗಳ ಬಳಿಕ 1969ರಲ್ಲಿ ನಿಂತಿತು. ಅದು ಮೂರನೆಯ ವರ್ಷದವರೆಗೆ ಬದುಕಿದ್ದೇ ಅಭಿಮಾನಿಗಳ ಪತ್ರಗಳಿಂದ. ಎರಡನೆಯ ವರ್ಷದಲ್ಲಿ ಧಾರಾವಾಹಿಯನ್ನು ನಿಲ್ಲಿಸುತ್ತಾರೆಂಬ ಸುದ್ದಿ ಹಬ್ಬಿದಾಗ ಬ್ಜೋ ಟ್ರಿಂಬಲ್ ಮತ್ತು ಅವರ ಪತಿ ಜಾನ್ ಟ್ರಿಂಬಲ್ ಹಮ್ಮಿಕೊಂಡ ಪತ್ರ ಚಳವಳಿಗೆ ವಾಹಿನಿ ಎಷ್ಟು ಬಸವಳಿಯಿತೆಂದರೆ, ಧಾರಾವಾಹಿ ಮುಂದುವರಿಯುತ್ತದೆ, ಇನ್ನು ಪತ್ರ ಬರೆಯಬೇಡಿ ಎಂಬ ಅರ್ಥದ ಪ್ರಕಟಣೆಯನ್ನು 1968ರ ಮಾರ್ಚಿನಲ್ಲಿ ಪ್ರಸಾರದಲ್ಲಿಯೇ ಕೊಡಬೇಕಾಯಿತು. ಮುಂದೆ 1976ರಲ್ಲಿ ಅಮೆರಿಕದ ಮೊದಲ ಬಾಹ್ಯಾಕಾಶ ಶಟಲ್‌ಗೆ ‘ಎಂಟರ್‌ಪ್ರೈಸ್’ ಎಂಬ ಧಾರಾವಾಹಿಯ ನೌಕೆಯ ಹೆಸರು ಬಂದದ್ದೂ ಇದೇ ಅಭಿಮಾನಿಗಳ ಪತ್ರಗಳಿಂದಲೇ. ಕನ್ನಡ ಶಾಲೆಗಳಿಗಾಗಿ, ಕನ್ನಡ ಬಲ್ಲ ಅಧ್ಯಾಪಕರಿಗಾಗಿ ಮನವಿ ಬರೆಯುತ್ತಲೇ ಬೆಳೆದ ಗಡಿನಾಡಿನ ನಮಗೆ ಈ ಸಂಗತಿ ಹತ್ತಿರದ್ದಾಗಿ ಕಾಣುತ್ತದೆ. ತಾನು ಬರೆದ ಕಾಗದದಿಂದ ಉಳಿದುಕೊಂಡ ವಸ್ತುವಿನ ಮೇಲೆ ಮನುಷ್ಯನಿಗೆ ಹಕ್ಕಿನ ಭಾವನೆ ಹುಟ್ಟುವುದು ಸಹಜ, ಮತ್ತು ಸ್ಟಾರ್ ಟ್ರೆಕ್ ಅಭಿಮಾನಿಗಳ ಪ್ರತಿಕ್ರಿಯೆಯನ್ನು ಈ ಹಕ್ಕಿನ ಭಾವನೆಯನ್ನು ಬಿಟ್ಟು ಅರ್ಥಮಾಡಿಕೊಳ್ಳಲಾಗದು.

2002ರಲ್ಲಿ ಬಂದ ಹತ್ತನೆಯ ಚಿತ್ರ ಸೋತಿತ್ತು, 2005ರಲ್ಲಿ ಕೊನೆಯ ಧಾರಾವಾಹಿಯೂ ನಿಂತಿತ್ತು. ಆಗ ನಿರ್ದೇಶಕ ಜೆ.ಜೆ. ಏಬ್ರಮ್ಸ್ ಅವರ ಕೈಗೆ ಈ ಕಥೆ ಬಂದಿತು. ಕರ್ಕ್ ಪಾತ್ರಕ್ಕೆ ಕ್ರಿಸ್ ಪೈನ್, ಸ್ಪಾಕ್ ಪಾತ್ರಕ್ಕೆ ಜಾಕರಿ ಕ್ವಿಂಟೋ, ಮೆಕಾಯ್ ಪಾತ್ರಕ್ಕೆ ಕಾರ್ಲ್ ಅರ್ಬನ್. ನಲವತ್ತು ವರ್ಷಗಳಿಂದ ವಿಲಿಯಂ ಶಾಟ್ನರ್ ಮತ್ತು ಲಿಯೊನಾರ್ಡ್ ನಿಮೋಯ್ ಅವರ ಮುಖಗಳಲ್ಲದೆ ಬೇರೆ ಮುಖವನ್ನು ಈ ಪಾತ್ರಗಳಿಗೆ ಊಹಿಸಿಕೊಳ್ಳದಿದ್ದ ಜನ ಆತಂಕಪಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ಈ ಆತಂಕವನ್ನು ಚಿತ್ರತಂಡ ಎದುರಿಸಿದ ರೀತಿ ನನಗೆ ತುಂಬ ಮೆಚ್ಚುಗೆಯಾಗಿದೆ. 2009ರ ಏಪ್ರಿಲಿನಲ್ಲಿ ಅಮೆರಿಕದ ಆಸ್ಟಿನ್ ನಗರದ ಚಿತ್ರಮಂದಿರವೊಂದರಲ್ಲಿ ಅಭಿಮಾನಿಗಳನ್ನು 1982ರ ಹಳೆಯ ಸ್ಟಾರ್ ಟ್ರೆಕ್ ಚಿತ್ರ ‘ದಿ ರಾತ್ ಆಫ್ ಖಾನ್’ ಪ್ರದರ್ಶನವೆಂದು ಕರೆಸಿದರು. ಕೆಲವು ನಿಮಿಷಗಳಲ್ಲಿ ರೀಲು ಸುಟ್ಟಂತೆ ಪರದೆಯ ಮೇಲೆ ಕಾಣಿಸಿಕೊಂಡು ಪ್ರದರ್ಶನ ನಿಂತಿತು. ಆಗ ವೇದಿಕೆಗೆ ಬಂದವರು ಸ್ವತಃ ನಿಮೋಯ್. ಹೊಸ ಚಿತ್ರವನ್ನು ನೋಡಲು ಇಷ್ಟವಿದೆಯೇ ಎಂದು ಅವರೇ ಕೇಳಿದರು. ಹಳೆಯ ಸ್ಪಾಕ್ ಕೈಹಿಡಿದು ಹೊಸತಿನ ಬಾಗಿಲಿಗೆ ಕರೆದೊಯ್ದರೆ ಯಾರು ತಾನೇ ಒಲ್ಲೆ ಎನ್ನುತ್ತಾರೆ? ಈ ಘಟನೆಯನ್ನು ನಾನು ಹೇಳಿದಾಗ ನಮ್ಮ ಅರ್ಥಧಾರಿ ಗೆಳೆಯರು, ಹಿರಿಯ ಭಾಗವತರು ತಮ್ಮ ಕೈಯಾರೆ ಜಾಗಟೆಯನ್ನು ಕಿರಿಯರಿಗೆ ಕೊಟ್ಟಂತಾಯಿತು ಎಂದರು. ನಾನು ಅದಕ್ಕಿಂತ ಚೆನ್ನಾಗಿ ಹೇಳಲಾರೆ.

ಮೊದಲ ಚಿತ್ರದ ಆರಂಭದ ಭಾಗ ಈ ಸೆಟ್ಟಿನ ಅತ್ಯುತ್ತಮ ಭಾಗ. ಭವಿಷ್ಯದಿಂದ ಬಂದ ದೈತ್ಯ ನೌಕೆಯೊಂದು ‘ಕೆಲ್ವಿನ್’ ಎಂಬ ನೌಕೆಯ ಮೇಲೆರಗುತ್ತದೆ. ಕರ್ಕ್‌ನ ತಂದೆ ಹನ್ನೆರಡು ನಿಮಿಷಗಳ ಮಟ್ಟಿಗೆ ಕ್ಯಾಪ್ಟನ್ ಆಗಿ ಎಂಟುನೂರು ಜೀವಗಳನ್ನು ಉಳಿಸಿ ಸಾಯುತ್ತಾನೆ. ಅದೇ ಹೊತ್ತಿನಲ್ಲಿ ಪಾರಾಗುತ್ತಿರುವ ಸಣ್ಣ ನೌಕೆಯಲ್ಲಿ ಕರ್ಕ್ ಹುಟ್ಟುತ್ತಾನೆ. ದಾಳಿಯ ನಡುವೆ ನೌಕೆಯ ಗೋಡೆ ಒಡೆದು ಸಿಬ್ಬಂದಿಯೊಬ್ಬಳು ಹೊರಕ್ಕೆ ಸೆಳೆಯಲ್ಪಡುವಾಗ, ಅಲ್ಲಿಯವರೆಗಿನ ಸಿಡಿತ, ಕೂಗು, ಸೈರನ್ ಎಲ್ಲವೂ ಒಮ್ಮೆಲೇ ಅಡಗಿ, ಗಾಳಿಯಿಲ್ಲದ ಬಯಲಿನ ಮೌನ ಆವರಿಸುತ್ತದೆ. ಆ ಕ್ಷಣದಲ್ಲಿ ನಮ್ಮ ಚಾವಡಿಯಲ್ಲಿ ಹಂಚಿನ ಮೇಲೆ ಬೀಳುತ್ತಿದ್ದ ಮಳೆಯ ಸದ್ದು ಮಾತ್ರ ಕೇಳಿಸಿತು. ನಿರ್ವಾತದಲ್ಲಿ ಶಬ್ದ ಚಲಿಸುವುದಿಲ್ಲ ಎಂಬುದನ್ನು ಪ್ರತಿ ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಹೇಳುವವನು ನಾನು; ಅದನ್ನು ಇಷ್ಟು ಮನದಟ್ಟಾಗುವಂತೆ ತೋರಿಸಿದ ದೃಶ್ಯ ಬೇರೆ ಚಿತ್ರಗಳಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ.

ಈ ದಾಳಿಯಿಂದಾಗಿ ಕಾಲದ ಹರಿವು ಕವಲೊಡೆಯುತ್ತದೆ ಎಂಬುದೇ ಹೊಸ ಚಿತ್ರಗಳ ಆಧಾರ. ಹಳೆಯ ಕಥೆಗಳು ಹಳೆಯ ಕವಲಿನಲ್ಲಿ ಹಾಗೆಯೇ ಇರುತ್ತವೆ, ಇನ್ನು ಮುಂದಿನದು ಬೇರೆ ಕವಲು. ಬರಹಗಾರರಾದ ರಾಬರ್ಟೊ ಓರ್ಸಿ ಮತ್ತು ಅಲೆಕ್ಸ್ ಕರ್ಟ್ಸ್‌ಮನ್ ಅವರ ಈ ಉಪಾಯ ಅಭಿಮಾನಿಗಳ ಅರ್ಧ ಸಿಟ್ಟನ್ನು ಮೊದಲೇ ಶಮನಗೊಳಿಸಿತು. ತಮ್ಮ ನೆನಪುಗಳನ್ನು ಯಾರೂ ಅಳಿಸಿಲ್ಲ ಎಂಬ ಸಮಾಧಾನ ಅವರಿಗೆ ಸಿಕ್ಕಿತು. ಹಾಗಾಗಿಯೇ ಸ್ಪಾಕ್‌ನ ಹುಟ್ಟೂರಾದ ವಲ್ಕನ್ ಗ್ರಹವೇ ನಾಶವಾಗುವಂಥ ದೊಡ್ಡ ಆಘಾತವನ್ನೂ ಬಹುಮಂದಿ ತಡೆದುಕೊಂಡರು. ಆದರೂ ಆಕ್ಷೇಪಗಳಿದ್ದವು, ಅವುಗಳಲ್ಲಿ ಹಲವು ನ್ಯಾಯವಾದವು. ಇನ್ನೂ ತರಬೇತಿ ಮುಗಿಸದ ಹುಡುಗ ಕೆಲವೇ ದಿನಗಳಲ್ಲಿ ನೌಕೆಯ ಕ್ಯಾಪ್ಟನ್ ಆಗುವುದನ್ನು ಭಾವ ಈಗಲೂ ಒಪ್ಪುವುದಿಲ್ಲ. ‘ಕೆಂಪು ದ್ರವ್ಯ’ದ ಒಂದು ಹನಿಯಿಂದ ಕಪ್ಪುಕುಳಿ ಹುಟ್ಟುವುದಕ್ಕೆ ವಿಜ್ಞಾನದ ಯಾವ ಆಧಾರವೂ ಇಲ್ಲ. ನೌಕೆಯ ಎಂಜಿನ್ ಕೋಣೆಯ ದೃಶ್ಯಗಳನ್ನು ಬಿಯರ್ ತಯಾರಿಸುವ ಕಾರ್ಖಾನೆಯಲ್ಲಿ ಚಿತ್ರೀಕರಿಸಿದ್ದು ಅಭಿಮಾನಿಗಳ ಕಣ್ಣಿಗೆ ಚುಚ್ಚಿತು. ಸೋದರಳಿಯನಿಗೆ ಅದು ಕಾರ್ಖಾನೆಯೆಂದು ನಾನು ಹೇಳಿದ ಮೇಲೆ ಅವನಿಗೂ ಆ ಕೊಳವೆಗಳಲ್ಲದೆ ಬೇರೇನೂ ಕಾಣಲಿಲ್ಲ. ಕ್ಯಾಮೆರಾದ ಲೆನ್ಸಿಗೆ ನೇರ ಬೆಳಕು ಬಿದ್ದು ಮೂಡುವ ಹೊಳಪಿನ ಗೆರೆಗಳು ಮಿತಿಮೀರಿದವೆಂದು ಏಬ್ರಮ್ಸ್ ಅವರೇ ಮುಂದೆ ಒಪ್ಪಿಕೊಂಡು ಕ್ಷಮೆ ಕೇಳಿದರು. ಪಂಚೆಯ ಪರದೆಯ ಮೇಲೆ ಈ ಗೆರೆಗಳು ಇನ್ನಷ್ಟು ಬಾಧಿಸುತ್ತವೆ.

ಎರಡನೆಯ ಚಿತ್ರ, 2013ರ ‘ಇಂಟು ಡಾರ್ಕ್‌ನೆಸ್’, ಮುಗಿಯುವಾಗ ರಾತ್ರಿ ಹನ್ನೊಂದೂವರೆ ದಾಟಿತ್ತು. ನಮ್ಮ ಚರ್ಚೆ ಮುಗಿಯುವಾಗ ಒಂದೂವರೆ. ಮೂರರಲ್ಲಿ ಅತಿಹೆಚ್ಚು ಹಣ ಗಳಿಸಿದ್ದು, ವಿಶ್ವದಾದ್ಯಂತ ಸುಮಾರು 46.7 ಕೋಟಿ ಡಾಲರ್, ಇದೇ ಚಿತ್ರ. ವಿಮರ್ಶಕರಲ್ಲಿ ಬಹುಮಂದಿ ಮೆಚ್ಚಿದರು. ಆದರೆ ಅದೇ ವರ್ಷದ ಆಗಸ್ಟಿನಲ್ಲಿ ಲಾಸ್ ವೇಗಸ್‌ನಲ್ಲಿ ಸೇರಿದ ಅಭಿಮಾನಿಗಳ ಸಮಾವೇಶದಲ್ಲಿ ಅಲ್ಲಿಯವರೆಗಿನ ಎಲ್ಲ ಸ್ಟಾರ್ ಟ್ರೆಕ್ ಚಿತ್ರಗಳನ್ನು ಮತ ಹಾಕಿ ಕ್ರಮವಾಗಿ ಇರಿಸಿದಾಗ ಇದು ಕಟ್ಟಕಡೆಗೆ ಬಂದಿತು. ಟಿಕೆಟ್ ಕೊಂಡವರ ಸಂಖ್ಯೆಗೂ ಅಭಿಮಾನಿಗಳ ಮನಸ್ಸಿಗೂ ಇಷ್ಟು ಅಂತರ ಏಕೆ?

ಕಾರಣ ಖಳನಾಯಕ ಖಾನ್. ಖಾನ್ ನೂನಿಯನ್ ಸಿಂಗ್ ಎಂಬ ಈ ಪಾತ್ರ 1967ರ ಒಂದು ಕಂತಿನಲ್ಲಿ ಮೊದಲು ಬಂದಾಗ, ಅವನು ಉತ್ತರ ಭಾರತದವನು, ಬಹುಶಃ ಸಿಖ್ಖನಿರಬೇಕು ಎಂಬ ಮಾತು ಕಥೆಯಲ್ಲಿಯೇ ಇದೆ. ಮೆಕ್ಸಿಕೊ ಮೂಲದ ರಿಕಾರ್ಡೊ ಮೊಂಟಲ್ಬಾನ್ ಅವನನ್ನು ಮೊದಲು ಅಲ್ಲಿಯೂ, ಮತ್ತೆ 1982ರ ಚಿತ್ರದಲ್ಲಿಯೂ ಅಭಿನಯಿಸಿ ಮರೆಯಲಾಗದಂತೆ ಮಾಡಿದರು. ಹೊಸ ಚಿತ್ರದಲ್ಲಿ ಅದೇ ಪಾತ್ರಕ್ಕೆ ಬಂದವರು ಇಂಗ್ಲೆಂಡಿನ ಬೆನೆಡಿಕ್ಟ್ ಕಂಬರ್‌ಬ್ಯಾಚ್. ನಟನೆಯಲ್ಲಿ ಕೊರತೆಯಿಲ್ಲ, ಅವರ ದನಿಯೇ ಒಂದು ಶಕ್ತಿ. ಆದರೆ ಗಾಜಿನ ಸೆರೆಯೊಳಗಿಂದ ಆ ಬಿಳಿಯ ಮುಖ ತನ್ನ ಹೆಸರು ಖಾನ್ ಎಂದಾಗ, ಸೋದರಳಿಯನ ಗೆಳೆಯ ಏನೂ ತಿಳಿಯದೆ, “ಖಾನ್ ಅಂದರೆ ನಮ್ಮ ಕಡೆಯವನಲ್ಲವೇ?” ಎಂದು ಕೇಳಿದ. ಅಭಿಮಾನಿಗಳು ಎತ್ತಿದ ಆಕ್ಷೇಪವೂ ಇದೇ ಆಗಿತ್ತು. ಮೊಂಟಲ್ಬಾನ್ ಕೂಡ ಭಾರತೀಯರಾಗಿರಲಿಲ್ಲ ಎಂಬುದು ನಿಜ. ಆದರೆ 1967ರಲ್ಲಿ ಆಗದೇ ಹೋದದ್ದನ್ನು 2013ರಲ್ಲಿ ಸರಿಪಡಿಸುವ ಅವಕಾಶ ಕೈಯಲ್ಲಿದ್ದೂ ಇನ್ನಷ್ಟು ಹಿಂದಕ್ಕೆ ಹೋದದ್ದು ನನಗೆ ನೋವು ತಂದಿದೆ. ಮುಂಬಯಿಯ ಪರ್ಸಿಸ್ ಖಂಬಾಟಾ 1979ರಲ್ಲಿಯೇ ಮೊದಲ ಸ್ಟಾರ್ ಟ್ರೆಕ್ ಚಿತ್ರದಲ್ಲಿ ತಲೆ ಬೋಳಿಸಿಕೊಂಡು ಪ್ರಮುಖ ಪಾತ್ರದಲ್ಲಿ ನಟಿಸಿದ್ದರು ಎಂಬುದನ್ನು ನೆನೆದಾಗ ಈ ನೋವು ಹೆಚ್ಚುತ್ತದೆ. ಇದರ ಮೇಲೆ, ಚಿತ್ರ ತೆರೆಕಾಣುವವರೆಗೂ ಖಳನಾಯಕ ಖಾನ್ ಅಲ್ಲವೆಂದೇ ಹೇಳುತ್ತ ಬಂದದ್ದು ಅಭಿಮಾನಿಗಳಿಗೆ ಅವಮಾನವಾಗಿ ಕಂಡಿತು. ಮುಚ್ಚಿಟ್ಟದ್ದು ತಪ್ಪಾಯಿತೆಂದು ಏಬ್ರಮ್ಸ್ ಆಮೇಲೆ ಹೇಳಿದರು.

ಇನ್ನೂ ಆಳವಾದ ತಪ್ಪು ಸಾವಿನ ದೃಶ್ಯದಲ್ಲಿದೆ. 1982ರ ಚಿತ್ರದಲ್ಲಿ ನೌಕೆಯನ್ನು ಉಳಿಸಲು ವಿಕಿರಣದ ಕೋಣೆಗೆ ಹೊಕ್ಕ ಸ್ಪಾಕ್, ಗಾಜಿನ ಈಚೆಗಿರುವ ಕರ್ಕ್‌ನ ಅಂಗೈಗೆ ಎದುರಾಗಿ ತನ್ನ ಅಂಗೈಯಿಟ್ಟು ಸಾಯುತ್ತಾನೆ. ಹೊಸ ಚಿತ್ರದಲ್ಲಿ ಅದೇ ದೃಶ್ಯ ತಿರುವುಮುರುವಾಗಿ ಬರುತ್ತದೆ: ಒಳಗೆ ಕರ್ಕ್, ಹೊರಗೆ ಸ್ಪಾಕ್. ಮಾತುಗಳು ಕೂಡ ಬಹುಪಾಲು ಅವೇ. 1982ರಲ್ಲಿ ನೋಡುಗರಿಗೂ ಆ ಇಬ್ಬರಿಗೂ ನಡುವೆ ಹದಿನಾರು ವರ್ಷಗಳ ಒಡನಾಟವಿತ್ತು. ಹೊಸ ಕಥೆಯಲ್ಲಿ ಆ ಇಬ್ಬರಿಗೆ ಪರಿಚಯವಾಗಿ ಒಂದು ವರ್ಷದಷ್ಟೇ ಕಳೆದಿದೆ. ಸತ್ತ ಸ್ಪಾಕ್ ಮರಳಿ ಬರಲು ಹಿಂದಿನ ಅಭಿಮಾನಿಗಳು 1984ರ ಚಿತ್ರದವರೆಗೆ ಕಾದಿದ್ದರು. ಇಲ್ಲಿ ಕರ್ಕ್ ಖಾನ್‌ನ ರಕ್ತದಿಂದ ಕೆಲವೇ ನಿಮಿಷಗಳಲ್ಲಿ ಎದ್ದು ಕೂರುತ್ತಾನೆ. ಸದಾ ಸಂಯಮಿಯಾದ ಸ್ಪಾಕ್ ಆಕಾಶ ಹರಿಯುವಂತೆ ಖಾನ್‌ನ ಹೆಸರನ್ನು ಕೂಗುವ ಕ್ಷಣದಲ್ಲಿ ಭಾವ ಎದ್ದು ಹಿಂದಿನ ಜಗಲಿಗೆ ಹೋದರು.

ಅವರು ಮರಳಿ ಬಂದ ಮೇಲೆ ಅರ್ಥಧಾರಿ ಗೆಳೆಯರು ಹೇಳಿದ ಮಾತು ಈ ಮೂರು ಚಿತ್ರಗಳ ಬಗೆಗಿನ ಇಡೀ ವಿವಾದವನ್ನು ನನಗೆ ತೆರೆದು ತೋರಿಸಿತು. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣದ ಪದ್ಯಗಳನ್ನೇ ನಮ್ಮ ಊರಿನಲ್ಲಿ ತಲೆತಲಾಂತರದಿಂದ ಹಾಡುತ್ತಾರೆ. ಪದ್ಯ ಒಂದೇ, ಅರ್ಥ ಮಾತ್ರ ಪ್ರತಿ ಕೂಟದಲ್ಲಿಯೂ ಹೊಸತು. “ವಾಲಿ ರಾಮನನ್ನು ಯಾವ ದಾರಿಯಿಂದ ಬೇಕಾದರೂ ಪ್ರಶ್ನಿಸಲಿ, ನಾವು ಕೂತು ಕೇಳುತ್ತೇವೆ. ಆದರೆ ವಾಲಿಯ ಸ್ವಭಾವಕ್ಕೆ ಸಲ್ಲದ ಮಾತು ಬಂದರೆ ಕೇಳುವವನು ಎದ್ದು ಹೋಗುತ್ತಾನೆ. ನಿಮ್ಮ ಭಾವ ಈಗ ಎದ್ದದ್ದು ಅದಕ್ಕೇ,” ಎಂದರು. ನಾವು ಔಚಿತ್ಯ ಎಂದು ಕರೆಯುವುದು ಇದನ್ನೇ. ಮುಖ ಬದಲಾದದ್ದು, ಗ್ರಹ ಸಿಡಿದದ್ದು, ಕಾಲ ಕವಲೊಡೆದದ್ದು, ಇವುಗಳನ್ನೆಲ್ಲ ಅಭಿಮಾನಿಗಳು ನುಂಗಿಕೊಂಡರು. ಪಾತ್ರದ ಔಚಿತ್ಯ ಕೆಟ್ಟಾಗ ಮಾತ್ರ ಅವರು ಸಹಿಸಲಿಲ್ಲ. ಇಂಥ ಅಭಿಮಾನಿಗಳನ್ನು ಹೊಸತನ್ನು ಒಪ್ಪದ ಹಟಮಾರಿಗಳೆಂದು ಕರೆಯುವ ಅಭ್ಯಾಸ ಎಲ್ಲೆಡೆ ಇದೆ. ಆ ಮಾತನ್ನು ನಾನು ಒಪ್ಪಲಾರೆ. ಪದ್ಯ ಬಾಯಿಪಾಠವಿರುವ ಪ್ರೇಕ್ಷಕನಿಂದಲೇ ಮೇಳ ಉಳಿಯುವುದು.

ಮೂರನೆಯ ಚಿತ್ರ ‘ಬಿಯಾಂಡ್’. ನಿರ್ದೇಶಕರು ಬದಲಾಗಿ ಜಸ್ಟಿನ್ ಲಿನ್ ಬಂದರು. ನೌಕೆಯ ಎಂಜಿನಿಯರ್ ಸ್ಕಾಟಿಯ ಪಾತ್ರಧಾರಿ ಸೈಮನ್ ಪೆಗ್, ಡಗ್ ಜಂಗ್ ಅವರೊಂದಿಗೆ ಸೇರಿ ಕಥೆ ಬರೆದರು. ಮೊದಲ ಟ್ರೇಲರಿನಲ್ಲಿ ಅಬ್ಬರದ ಹಾಡಿಗೆ ಮೋಟಾರ್ ಬೈಕ್ ಹಾರುವುದನ್ನು ನೋಡಿ ಅಭಿಮಾನಿಗಳು ಕೈಚೆಲ್ಲಿದರು, ಪೆಗ್ ಅವರಿಗೂ ಆ ಟ್ರೇಲರ್ ಹಿಡಿಸಿರಲಿಲ್ಲ. ಚಿತ್ರ ಮಾತ್ರ ಬೇರೆಯೇ ಆಗಿತ್ತು. ನೌಕೆ ಪುಡಿಯಾಗಿ ಸಿಬ್ಬಂದಿ ಇಬ್ಬಿಬ್ಬರಾಗಿ ಚದುರಿದಾಗ ಗಾಯಗೊಂಡ ಸ್ಪಾಕ್ ಮತ್ತು ಗೊಣಗುವ ಮೆಕಾಯ್ ಜೊತೆಯಾಗಿ ನಡೆಯುವ ಭಾಗದಲ್ಲಿ ಹಳೆಯ ಧಾರಾವಾಹಿಯ ಜೀವ ಮರಳಿದೆ. ನನ್ನ ಹೆಂಡತಿಗೆ ಮೂರು ಚಿತ್ರಗಳಲ್ಲಿ ಬಹಳ ಇಷ್ಟವಾದದ್ದು ಈ ಜೋಡಿಯೇ. ಜಾನ್ ಚೋ ಅಭಿನಯಿಸಿದ, ನೌಕೆಯ ಚಾಲಕ ಸುಲು ಪಾತ್ರಕ್ಕೆ ಗಂಡು ಸಂಗಾತಿ ಮತ್ತು ಮಗಳಿರುವುದನ್ನು ಇಲ್ಲಿ ತೋರಿಸಿದರು. ಮೂಲ ಸುಲು, ಸ್ವತಃ ಸಲಿಂಗಿಯಾದ ಜಾರ್ಜ್ ಟಕೇ, ಇದು ರಾಡೆನ್‌ಬೆರಿ ರೂಪಿಸಿದ ಸುಲು ಅಲ್ಲವೆಂದು ಬೇಸರಪಟ್ಟರು. ಪೆಗ್ ವಿನಯದಿಂದಲೇ ಭಿನ್ನಾಭಿಪ್ರಾಯ ಸೂಚಿಸಿದರು. ಕೆಲವೇ ಕ್ಷಣಗಳ ಆ ದೃಶ್ಯವನ್ನು ನಮ್ಮ ಚಾವಡಿಯಲ್ಲಿ ಎಲ್ಲರೂ ಸುಮ್ಮನೆ ನೋಡಿದರು. ಮಗಳನ್ನು ಎತ್ತಿಕೊಳ್ಳುವ ತಂದೆ ಎಲ್ಲರಿಗೂ ಅರ್ಥವಾಗುತ್ತಾನೆ.

ನಿಮೋಯ್ 2015ರ ಫೆಬ್ರವರಿ 27ರಂದು ತೀರಿಕೊಂಡಿದ್ದರು. ಚಿತ್ರದಲ್ಲಿ ಕಿರಿಯ ಸ್ಪಾಕ್, ಹಳೆಯ ಕವಲಿನಿಂದ ಬಂದ, ನಿಮೋಯ್ ಅಭಿನಯಿಸಿದ್ದ ಹಿರಿಯ ಸ್ಪಾಕ್‌ನ ವಸ್ತುಗಳಿರುವ ಸಣ್ಣ ಪೆಟ್ಟಿಗೆಯನ್ನು ತೆರೆಯುತ್ತಾನೆ. ಅದರೊಳಗೆ ಒಂದು ಚಿತ್ರಪಟ: ಶಾಟ್ನರ್, ನಿಮೋಯ್, ಮೆಕಾಯ್ ಆಗಿದ್ದ ಕೆಲ್ಲಿ, ಉಹುರಾ ಆಗಿದ್ದ ನಿಶೆಲ್ ನಿಕೋಲ್ಸ್, ಹಳೆಯ ಮೇಳದ ಎಲ್ಲರೂ, ವಯಸ್ಸಾದ ಮುಖಗಳೊಂದಿಗೆ, ಒಟ್ಟಿಗೆ ನಿಂತಿದ್ದಾರೆ. ಕ್ವಿಂಟೋ ಒಂದು ಮಾತನ್ನೂ ಆಡುವುದಿಲ್ಲ. ಭಾವ ಕನ್ನಡಕ ತೆಗೆದು ಹೆಗಲ ಬೈರಾಸಿನಿಂದ ಒರೆಸಿಕೊಂಡರು. ಮತ್ತೆ ಹಾಕಿಕೊಳ್ಳಲು ತುಂಬ ಹೊತ್ತು ಬೇಕಾಯಿತು. ಚೆಕಾವ್ ಪಾತ್ರಧಾರಿ ಆಂಟನ್ ಯೆಲ್ಚಿನ್, ಚಿತ್ರ ತೆರೆಕಾಣುವ ತಿಂಗಳ ಮೊದಲು, 27ರ ಹರೆಯದಲ್ಲಿ ಅಪಘಾತದಲ್ಲಿ ತೀರಿಹೋದ ಹುಡುಗ. ಕೊನೆಯಲ್ಲಿ ಅವನ ಹೆಸರೂ ನಿಮೋಯ್ ಹೆಸರೂ ಪರದೆಯ ಮೇಲೆ ಬಂದಾಗ ಯಾರೂ ದೀಪ ಹಾಕಲು ಏಳಲಿಲ್ಲ. ಇಷ್ಟಾಗಿಯೂ ಮೂರರಲ್ಲಿ ಅತಿ ಕಡಿಮೆ ಗಳಿಸಿದ್ದು, ಸುಮಾರು 34.3 ಕೋಟಿ ಡಾಲರ್, ಈ ಚಿತ್ರವೇ. ಎರಡನೆಯ ಚಿತ್ರ ಕಳೆದುಕೊಂಡ ವಿಶ್ವಾಸದ ಬೆಲೆಯನ್ನು ಮೂರನೆಯದು ತೆತ್ತಿತೆಂದು ನನ್ನ ನಂಬಿಕೆ.

ಇನ್ನು ಪೆಟ್ಟಿಗೆಯ ವಿಚಾರ. ಚಿತ್ರದ ಸ್ಪಷ್ಟತೆಗೆ ಪೂರ್ಣ ಅಂಕ ಕೊಡಬಹುದು. ಕತ್ತಲ ದೃಶ್ಯಗಳಲ್ಲಿಯೂ ವಿವರಗಳು ಮಾಸುವುದಿಲ್ಲ. ಧ್ವನಿ ಚೆನ್ನಾಗಿದ್ದರೂ ಸಣ್ಣ ಸ್ಪೀಕರುಗಳಿರುವವರು ಅಡಿಬರಹ ಹಾಕಿಕೊಳ್ಳುವುದು ಒಳ್ಳೆಯದು, ಏಕೆಂದರೆ ಮಾತು ಕೇಳಲೆಂದು ಏರಿಸಿದರೆ ಸ್ಫೋಟದ ಸದ್ದಿಗೆ ಮಲಗಿದ ಮಕ್ಕಳು ಏಳುತ್ತಾರೆ. ಕನ್ನಡದ ಅಡಿಬರಹ ಇಲ್ಲ. ಅರ್ಥಧಾರಿ ಗೆಳೆಯರಿಗೆ ನಾನು ಮೂರು ರಾತ್ರಿಯೂ ಪಕ್ಕದಲ್ಲಿ ಕುಳಿತು ಮಾತುಗಳನ್ನು ಹೇಳಬೇಕಾಯಿತು. ಇಂಥ ಚಿತ್ರಗಳಿಗೆ ಕನ್ನಡ ಅಡಿಬರಹ ಬಂದರೆ ನೋಡುವವರು ನಮ್ಮಲ್ಲಿ ಇದ್ದಾರೆ. ಮೈಕೆಲ್ ಜಕೀನೊ ಅವರ ಸಂಗೀತವನ್ನು ಇದೇ ಸ್ಪೀಕರಿನಲ್ಲಿ ಕೇಳಿಯೂ ಮೆಚ್ಚಿದೆವು. ಮೊದಲ ಚಿತ್ರದ ಕೊನೆಯಲ್ಲಿ 1966ರ ಹಳೆಯ ರಾಗ ಕೇಳಿಬರುವಂತೆ ಅವರು ಅದನ್ನು ಕೊನೆಯವರೆಗೆ ಕಾದಿರಿಸಿದ್ದು ಜಾಣ್ಮೆ.

ಕೊಳ್ಳುವವರು ಒಂದು ವಿಷಯ ಗಮನಿಸಬೇಕು. ಎರಡನೆಯ ಚಿತ್ರ 2013ರಲ್ಲಿ ಮೊದಲು ಡಿಸ್ಕಾಗಿ ಬಂದಾಗ ಹೆಚ್ಚುವರಿ ವಿಶೇಷಗಳನ್ನು ಬೇರೆಬೇರೆ ಅಂಗಡಿಗಳ ನಡುವೆ ಹಂಚಿ ಮಾರಿದ್ದರಿಂದ, ಎಲ್ಲವೂ ಬೇಕಾದವನು ಒಂದೇ ಚಿತ್ರವನ್ನು ಹಲವು ಸಲ ಕೊಳ್ಳಬೇಕಾಗಿತ್ತು. ಅಭಿಮಾನಿಗಳ ಸಿಟ್ಟಿಗೆ ಅದೂ ಸೇರಿತು. ಐಮ್ಯಾಕ್ಸ್ ಕ್ಯಾಮೆರಾದ ದೃಶ್ಯಗಳು ಪೂರ್ಣ ಎತ್ತರದಲ್ಲಿ ಕಾಣುವ ಆವೃತ್ತಿ 2014ರಲ್ಲಿ ಬಂತು. ಹಾಗಾಗಿ ಯಾವ ಆವೃತ್ತಿ ಎಂಬುದನ್ನು ಪೆಟ್ಟಿಗೆಯ ಹಿಂಬದಿಯಲ್ಲಿ ಓದಿ ನೋಡಿ. ಡಿಸ್ಕ್ ಯಾವ ವಲಯದ ಪ್ಲೇಯರಿನಲ್ಲಿ ಓಡುತ್ತದೆಂದು ಹೇಳುವ ಪ್ರದೇಶ ಸಂಕೇತವನ್ನೂ ನೋಡಿಕೊಳ್ಳಿ; ಬ್ಲೂ-ರೇಯಲ್ಲಿ ಭಾರತ ‘ಸಿ’ ವಲಯಕ್ಕೆ ಸೇರಿದೆ. ನನಗೆ ಮೊದಲು ಬಂದ ಪೆಟ್ಟಿಗೆಯಲ್ಲಿ ಮೂರನೆಯ ಡಿಸ್ಕ್ ಹಿಡಿಕೆಯಿಂದ ಕಳಚಿ ಗೀರುಬಿದ್ದಿತ್ತು, ಅರ್ಧದಲ್ಲಿಯೇ ನಿಲ್ಲುತ್ತಿತ್ತು. ಮಾರಿದವರು ಬದಲಾಯಿಸಿಕೊಟ್ಟರಾದರೂ ಹಳ್ಳಿಯ ವಿಳಾಸಕ್ಕೆ ಬರಲು ಹನ್ನೊಂದು ದಿನ ಹಿಡಿಯಿತು. ಪೆಟ್ಟಿಗೆ ಕೈಸೇರಿದ ದಿನವೇ ಮೂರನ್ನೂ ಓಡಿಸಿ ಪರೀಕ್ಷಿಸುವುದು ಕ್ಷೇಮ.

ಹಳೆಯದನ್ನು ನೋಡದವರು ಕೊಂಡರೆ, ಎರಡನೆಯ ಡಿಸ್ಕ್ ಹಾಕುವ ಮುನ್ನ 1982ರ ಚಿತ್ರವನ್ನು ಹೇಗಾದರೂ ನೋಡಿಕೊಳ್ಳಿ. ಸೋದರಳಿಯನಿಗೆ ನಾನು ಅದನ್ನು ಆಮೇಲೆ ತೋರಿಸಿದೆ. ಗಾಜಿಗೆ ಅಂಗೈಯಿಡುವ ದೃಶ್ಯ ಮುಗಿದ ಮೇಲೆ ಅವನು ಬಹಳ ಹೊತ್ತು ಮಾತಾಡಲಿಲ್ಲ. ಅನಂತರ, ದೊಡ್ಡ ಮಾವ ಆ ದಿನ ಏಕೆ ಎದ್ದು ಹೋದರೆಂದು ಈಗ ತಿಳಿಯಿತು ಎಂದ. ಮೂರನೆಯ ಡಿಸ್ಕ್ ಈಗ ನಮ್ಮ ಮನೆಯಲ್ಲಿಲ್ಲ. ಇನ್ನೊಮ್ಮೆ ಒಬ್ಬರೇ ಕುಳಿತು ನೋಡಬೇಕೆಂದು ಭಾವ ಅದನ್ನು ಕಾಗದದಲ್ಲಿ ಸುತ್ತಿ ಪೆರ್ಲಕ್ಕೆ ಕೊಂಡುಹೋಗಿದ್ದಾರೆ.